ಎರಡು ಜಾಲರಿ ಬುಟ್ಟಿ, ಒಂದು ಡಜನ್ ಬಳೆ: ಏಳುನೂರು ರೂಪಾಯಿ ಒಳಗಿನ ದೀಪಾವಳಿ ಅಲಂಕಾರ

ಆಕಾಶಬುಟ್ಟಿಯನ್ನು ನರಕ ಚತುರ್ದಶಿಯ ಮುನ್ನಾದಿನ ಏರಿಸಿದರೆ ತುಳಸಿ ಲಗ್ನದ ತನಕ ಇಳಿಸುವುದಿಲ್ಲ. ಅಂದರೆ ಎರಡು ವಾರ ಅದು ಹೊರಗೆ ಗಾಳಿಗೂ ಇಬ್ಬನಿಗೂ ಒಡ್ಡಿಕೊಂಡಿರಬೇಕು. ಬೆಳಗಾವಿಯಲ್ಲಾದರೆ ಅಕ್ಟೋಬರ್‌ನಲ್ಲಿ ಸಂಜೆ ಮಳೆಯೂ ಬರುತ್ತದೆ. ಅಲ್ಲಿನ ಪೇಟೆ ಗಣಪತ ಗಲ್ಲಿಯಲ್ಲಿ ಹಬ್ಬದ ಹೊತ್ತಿಗೆ ಸಿಗುವ ಮಡಚುವ ಕಾಗದದ ಬುಟ್ಟಿಗಳು ನೋಡಲು ಚೆಂದ, ಆದರೆ ಮೊದಲ ಮಳೆಗೇ ಜೋತುಬೀಳುತ್ತವೆ. ಹಾಗಾಗಿ ಚಿಲ್ಲರೆ ಸಾಮಾನು ಅಗ್ಗಕ್ಕೆ ಮಾರುವ ಹರೇಕ್ ಮಾಲ್ ಅಂಗಡಿಯ ಸಾಮಾನಿನಿಂದಲೇ ಎಲ್ಲವನ್ನೂ ಕಟ್ಟಿದ ಲೆಕ್ಕ ಇಲ್ಲಿದೆ. ಒಂದು ಆಕಾಶಬುಟ್ಟಿ, ಬಾಗಿಲಿಗೆ ಬಳೆಯ ತೋರಣ, ಬಾಲ್ಕನಿಗೆ ಎರಡು ಲೈಟಿನ ಸರ, 24 ಪಣತಿ.

ಈ ಅಂಗಡಿಯ ಸಾಮಾನು ಅಗ್ಗ, ಆದರೆ ಒಂದಕ್ಕೊಂದು ಅಂಟುವುದಿಲ್ಲ. ಕೆಟ್ಟ ಕೆಲಸದಲ್ಲಿ ಮುಕ್ಕಾಲು ಪಾಲು ಕೆಟ್ಟದ್ದು ಅಂಟಿನಿಂದಲೇ. ಕಟ್ಟಿದ್ದು, ಹೊಲಿದದ್ದು ಮಾತ್ರ ಕೊನೆತನಕ ನಿಂತಿತು.

ಹಂತ 1. 2025ರ ಅಕ್ಟೋಬರ್ 11, ಶನಿವಾರ: ಸಾಮಾನು ಆರಿಸುವುದು

ಆಕಾಶಬುಟ್ಟಿಯ ಮೈಗೆ ರದ್ದಿ ಹಾಕುವ ಪ್ಲಾಸ್ಟಿಕ್ ಜಾಲರಿ ಬುಟ್ಟಿ ಎರಡು, ತಲಾ 50 ರೂಪಾಯಿ. ಅಳತೆ: ಬಾಯಿ 24 ಸೆಂ.ಮೀ., ತಳ 17 ಸೆಂ.ಮೀ., ಎತ್ತರ 26 ಸೆಂ.ಮೀ. ಬಾಯಿಗೆ ಬಾಯಿ ಕೂಡಿಸಿದರೆ 52 ಸೆಂ.ಮೀ. ಎತ್ತರದ, ನಡುವೆ ಉಬ್ಬಿದ ಬುಟ್ಟಿ ಆಗುತ್ತದೆ. ಎರಡನ್ನೂ ಒಂದೇ ಗಂಟಿನಿಂದ ತೆಗೆದುಕೊಳ್ಳಬೇಕು. ಒಂದರೊಳಗೊಂದು ಒತ್ತಿ ಇಟ್ಟ ಬುಟ್ಟಿಗಳ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ, ಅದಕ್ಕೆ ಅಂಗಡಿಯಲ್ಲೇ ಬಾಯಿಗೆ ಬಾಯಿ ಇಟ್ಟು ನೋಡಬೇಕು. ಬೆರಳಿನಿಂದ ಅಂಚು ಒತ್ತಿದಾಗ ಬಾಗಬೇಕು. "ಟಕ್" ಎನ್ನುವ ಬುಟ್ಟಿ ಮರುಬಳಕೆಯ ಒಣಕಲು ಪ್ಲಾಸ್ಟಿಕ್ಕಿನದು, ಕೊಯ್ಯುವಾಗ ಸೀಳುತ್ತದೆ.

ಅಲ್ಲೇ ಥರ್ಮಾಕೋಲಿನ ಹೂವು, ಕಮಾನು ಸಹ ಇದ್ದವು. ತೆಗೆದುಕೊಳ್ಳಲಿಲ್ಲ. ಅಲಂಕಾರದ ಥರ್ಮಾಕೋಲು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷಿದ್ಧ. ಅದೂ ಅಲ್ಲದೆ ಪುಡಿಯಾದ ಥರ್ಮಾಕೋಲನ್ನು ಗಟಾರದಿಂದ ಆರಿಸಿ ತೆಗೆಯುವುದು ಯಾರಿಂದಲೂ ಆಗದು. ಅಕ್ಷರ, ಹೂವು ಬೇಕಿದ್ದರೆ ಟಿವಿ ಇಲ್ಲವೇ ಫ್ರಿಜ್ ಬಂದ ಪೆಟ್ಟಿಗೆಯ ರಟ್ಟು ಸಾಕು.

ಪೂರಾ ಖರ್ಚು, ರೂಪಾಯಿಗಳಲ್ಲಿ:

ಜಾಲರಿ ಬುಟ್ಟಿ 2: 100
ಕೇಬಲ್ ಟೈ (ಕಟ್ಟಿ ಬಿಗಿಯುವ ಪ್ಲಾಸ್ಟಿಕ್ ಪಟ್ಟಿ), 15 ಸೆಂ.ಮೀ., ನೂರರ ಪಾಕೀಟು: 40
ಗಾಳಿಪಟದ ಹಾಳೆ 6: 30
ಮೈದಾ 50 ಗ್ರಾಂ: 3
ಬಲ್ಬು 2 (ಅರ್ಧ ವ್ಯಾಟ್ 20, 5 ವ್ಯಾಟ್ 60): 80
ಹೋಲ್ಡರ್ 25, ವೈರ್ 5 ಮೀಟರ್ 75, ಪ್ಲಗ್ 25: 125
ಪ್ಲಾಸ್ಟಿಕ್ ಬಳೆ ಒಂದು ಡಜನ್ 20, ಉಲ್ಲನ್ ಉಂಡೆ ಎರಡು 50: 70
ಲೈಟಿನ ಸರ 2: 120
ಪಣತಿ ಎರಡು ಡಜನ್ 60, ಬಣ್ಣದ ಡಬ್ಬಿ ಎರಡು 40: 100
ಗ್ಲೂ ಗನ್ ಕಡ್ಡಿ: 30

ಒಟ್ಟು 698. ಇದರಲ್ಲಿ 120 ರೂಪಾಯಿ ದಂಡ: ಗ್ಲೂ ಕಡ್ಡಿ, ಅರ್ಧ ವ್ಯಾಟಿನ ಬಲ್ಬು, ಒಂದು ಲೈಟಿನ ಸರ, ಎರಡು ಹಾಳೆ. ಪ್ರತಿಯೊಂದು ಯಾಕೆ ಹಾಳಾಯಿತು ಎನ್ನುವುದು ಮುಂದೆ ಬರುತ್ತದೆ. ಮನೆಯಲ್ಲೇ ಸಿಕ್ಕವು: ಹಳೇ ಧೋತರ, ಸುತಳಿ, ಹಳೇ ಸೈಕಲ್ ಟ್ಯೂಬು, 36 ಸೆಂ.ಮೀ. ಅಗಲದ ಪ್ಲಾಸ್ಟಿಕ್ ಪರಾತ (ದೊಡ್ಡ ತಟ್ಟೆ). ದರ್ಜಿಯ ಅಂಗಡಿಯಿಂದ ಗುಳೇದಗುಡ್ಡದ ಖಣದ ಚೂರುಗಳು ಸಿಕ್ಕವು. ಕುಪ್ಪಸ ಹೊಲಿದು ಉಳಿದ ಇಂಥ ಚೂರಿಗೆ ಯಾರೂ ದುಡ್ಡು ಕೇಳುವುದಿಲ್ಲ.

ಹಂತ 2. ಅಕ್ಟೋಬರ್ 12, ಭಾನುವಾರ: ಮೈ ಕಟ್ಟುವುದು (2 ತಾಸು)

ಮೇಲಿನ ಬುಟ್ಟಿಯ ತಳದ ನಡುವೆ ಹೋಲ್ಡರಿನ ಕುತ್ತಿಗೆ ಹಿಡಿಯುವಷ್ಟು, 4 ಸೆಂ.ಮೀ. ತೂತು. ಕೆಳಗಿನ ಬುಟ್ಟಿಯ ತಳದಲ್ಲಿ 12 ಸೆಂ.ಮೀ. ತೂತು. ಇದರಿಂದ ಬಿಸಿ ಹೊರಗೆ ಹೋಗುತ್ತದೆ, ಬಲ್ಬು ಬದಲಿಸಲು ಕೈಯೂ ಹೋಗುತ್ತದೆ.

ತಪ್ಪು: ಮೊದಲ ತೂತನ್ನು ಪೇಪರ್ ಕಟರಿನಿಂದ ಕೊಯ್ಯಲು ಹೋಗಿ ಸೀಳು ತಳದಿಂದ ಗೋಡೆಗೆ 5 ಸೆಂ.ಮೀ. ಓಡಿತು. ರಿಪೇರಿ ಹೀಗೆ: ಕಾಯಿಸಿದ ಮೊಳೆಯಿಂದ ಸೀಳಿನ ತುದಿಗೆ ಸರಿಯಾಗಿ ಒಂದು ಗುಂಡನೆಯ ತೂತು ಹಾಕಬೇಕು, ಸೀಳು ಅಲ್ಲಿಗೆ ನಿಲ್ಲುತ್ತದೆ. ಆಮೇಲೆ ಸೀಳಿನ ಎರಡೂ ಬದಿಗೆ 1 ಸೆಂ.ಮೀ. ದೂರದಲ್ಲಿ ಜೋಡಿ ತೂತು ಹಾಕಿ ಕೇಬಲ್ ಟೈಯಿಂದ ಹೊಲಿಗೆ ಹಾಕಬೇಕು. ಎರಡು ಹೊಲಿಗೆ ಸಾಕಾದವು. ಉಳಿದ ಕೊಯ್ತವನ್ನು ಹ್ಯಾಕ್ಸಾ ಬ್ಲೇಡಿನ ತುದಿ ಕಾಯಿಸಿ ಮಾಡಲಾಯಿತು. ಬೆಣ್ಣೆಯಂತೆ ಇಳಿಯುತ್ತದೆ, ಆದರೆ ಹೊಗೆ ಕೆಟ್ಟದ್ದು. ಈ ಕೆಲಸ ಟೆರೇಸಿನ ಮೇಲೆಯೇ ಆಗಬೇಕು, ಮಕ್ಕಳು ಹತ್ತಿರ ಇರಬಾರದು.

ಬಾಯಿಯ ಸುತ್ತಳತೆ 75.4 ಸೆಂ.ಮೀ. ಅಷ್ಟಕ್ಕೆ 12 ಕೇಬಲ್ ಟೈ, ಸುಮಾರು 6.3 ಸೆಂ.ಮೀ.ಗೆ ಒಂದು. ಮೊದಲು ನಾಲ್ಕು ದಿಕ್ಕಿಗೆ ನಾಲ್ಕನ್ನು ಸಡಿಲವಾಗಿ ಹಾಕಿ, ನಡುವೆ ಎರಡೆರಡು ಪೋಣಿಸಿ, ಕೊನೆಗೆ ಎದುರುಬದುರು ಬಿಗಿಯಬೇಕು. ಒಂದೇ ಕಡೆಯಿಂದ ಬಿಗಿಯುತ್ತ ಬಂದರೆ ಎದುರುಗಡೆ ಒಂದು ಸೆಂ.ಮೀ. ಬಾಯಿ ತೆರೆದುಕೊಳ್ಳುತ್ತದೆ. ಮೊದಲ ಸಲ ಹಾಗೇ ಆಗಿ, ಐದು ಟೈ ಕತ್ತರಿಸಿ ಎಸೆಯಬೇಕಾಯಿತು. ಗ್ಲೂ ಗನ್ನಿನಿಂದ ಕೂಡಿಸುವ ಪ್ರಯತ್ನವನ್ನೂ ಮಾಡಿಯಾಗಿತ್ತು. ಗಟ್ಟಿಯಾದ ಮೇಲೆ ಉಗುರಿನಿಂದ ಎಬ್ಬಿಸಿದರೆ ಇಡೀ ಪಟ್ಟಿ ಹಾಗೇ ಎದ್ದುಬಂತು. ಈ ಜಾತಿಯ ಪ್ಲಾಸ್ಟಿಕ್ಕಿಗೆ ಗ್ಲೂ ಗನ್, ಫೆವಿಕಾಲ್ ಎರಡೂ ಹಿಡಿಯುವುದಿಲ್ಲ. ಬಿಸಿಲು ಬಿದ್ದ ಗ್ರಿಲ್ಲಿನ ಮೇಲಂತೂ ಗ್ಲೂ ಕಡ್ಡಿಯ ಅಂಟು ಮಧ್ಯಾಹ್ನಕ್ಕೇ ಮೆತ್ತಗಾಗಿ ಜಾರುತ್ತದೆ.

ಹಂತ 3. ಅಕ್ಟೋಬರ್ 13 ರಿಂದ 16: ಹಾಳೆ ಹೊದಿಸುವುದು. ಮೂರನೇ ಸಲಕ್ಕೆ ಸರಿಯಾಯಿತು

ಹಾಳೆಯ ಲೆಕ್ಕ ಮೊದಲು. ಪ್ರತಿ ಬುಟ್ಟಿಗೆ ಎಂಟು ಫಲಕ. ಕಿರಿದಾದ ತುದಿ 6.7, ಅಗಲವಾದ ತುದಿ 9.4. ಅಕ್ಕಪಕ್ಕದ ಫಲಕದ ಮೇಲೆ ಕೂಡಲು ಒಂದೊಂದು ಸೆಂ.ಮೀ. ಸೇರಿಸಿ 7.7 ಮತ್ತು 10.4. ಉದ್ದ 27 ಸೆಂ.ಮೀ. ಗಾಳಿಪಟದ ಹಾಳೆ 50×75 ಸೆಂ.ಮೀ. ಇತ್ತು. ಒಂದನ್ನು ನೆಟ್ಟಗೆ, ಮುಂದಿನದನ್ನು ತಲೆಕೆಳಗೆ ಮಾಡಿ ಗೆರೆ ಎಳೆದರೆ ಎಂಟೂ ಫಲಕ 74 ಸೆಂ.ಮೀ.ಯಲ್ಲಿ ಕೂಡುತ್ತವೆ. ಉಳಿದ 23×75 ಸೆಂ.ಮೀ. ಪಟ್ಟಿಯಿಂದ ಎರಡೂವರೆ ಸೆಂ.ಮೀ. ಅಗಲದ ಒಂಬತ್ತು ಬಾಲ ಬರುತ್ತವೆ. ಮೇಲಿನ ಬುಟ್ಟಿಗೆ ಹಳದಿ ಹಾಳೆ ಒಂದು, ಕೆಳಗಿನದಕ್ಕೆ ಕೆಂಪು ಹಾಳೆ ಒಂದು, ಹೀಗೆ ಎರಡೇ ಹಾಳೆಯಲ್ಲಿ ಮೈಯೂ 18 ಬಾಲವೂ ಮುಗಿದವು. ರಟ್ಟಿನಲ್ಲಿ ಒಂದು ಅಳತೆಯ ಫಲಕ ಕೊಯ್ದಿಟ್ಟುಕೊಂಡು ಅದನ್ನೇ ಇಟ್ಟು ಗೆರೆ ಎಳೆಯಬೇಕು. ಪ್ರತಿ ಸಲ ಪಟ್ಟಿ ಹಿಡಿದು ಅಳೆದರೆ ಎಂಟನೆಯದು ಹಾಳೆಯಿಂದ ಹೊರಗೆ ಹೋಗುತ್ತದೆ.

ಮೊದಲ ಪ್ರಯತ್ನ: ಬುಟ್ಟಿಯ ಪಟ್ಟಿಗಳಿಗೆ ಫೆವಿಕಾಲ್ ಹಚ್ಚಿ ಹಾಳೆ ಕೂಡಿಸಿದ್ದು. ರಾತ್ರಿ ಚೆನ್ನಾಗಿ ಕಂಡಿತು. ಬೆಳಗ್ಗೆ ನೋಡಿದರೆ ಒಣಗಿದ ಫೆವಿಕಾಲ್ ಹಾಳೆಯ ಜೊತೆಗೇ ಸಿಪ್ಪೆಯಂತೆ ಬಿಟ್ಟುಕೊಂಡಿತ್ತು. ಒಂದು ಹಾಳೆ ಹೋಯಿತು.

ಪರಿಹಾರ: ಹಳೇ ಧೋತರವನ್ನು 2 ಸೆಂ.ಮೀ. ಅಗಲದ ಪಟ್ಟಿಗಳಾಗಿ ಹರಿದು, ಫಲಕದ ಕೂಡು ಬೀಳುವ ಎಂಟು ಕಡೆ ಉದ್ದಕ್ಕೂ, ಬಾಯಿ ಮತ್ತು ತಳದ ಅಂಚಿನ ಸುತ್ತಲೂ ಜಾಲರಿಯ ಕಣ್ಣಿನೊಳಗಿಂದ ಹಾಯಿಸಿ ಸುತ್ತಬೇಕು, ತುದಿಗೆ ಸೂಜಿಯಿಂದ ಎರಡು ಹೊಲಿಗೆ. ಈಗ ಅಂಟು ಹಿಡಿಯುವುದು ಬಟ್ಟೆಯನ್ನು, ಪ್ಲಾಸ್ಟಿಕ್ಕನ್ನಲ್ಲ. ಇದಕ್ಕೆ ಎರಡೂವರೆ ತಾಸು ಹಿಡಿಯಿತು, ಆದರೆ ಇಡೀ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ಬಟ್ಟೆ ಒಮ್ಮೆ ಸುತ್ತಿದರೆ ಮುಂದಿನ ವರ್ಷ ಹಾಳೆಯನ್ನಷ್ಟೇ ಬದಲಿಸಿದರಾಯಿತು.

ಮೈದಾ ಅಂಟು: 50 ಗ್ರಾಂ ಮೈದಾವನ್ನು ಮೊದಲು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಟ್ಟು 300 ಮಿ.ಲೀ. ಆಗುವಷ್ಟು ನೀರು ಹಾಕಿ ಸಣ್ಣ ಉರಿಯಲ್ಲಿ ಕುದಿಸಬೇಕು. ಬೆಳ್ಳಗಿದ್ದದ್ದು ಮಬ್ಬು ಗಾಜಿನಂತೆ ತಿರುಗಿದಾಗ ಇಳಿಸಬೇಕು. ಜಿರಳೆ, ಇಲಿ ಹಾಳೆಗೆ ಬಾಯಿ ಹಾಕದಿರಲಿ ಎಂದು ಹಳಬರು ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ. ಹಾಕುವುದಾದರೆ ಅಡುಗೆಯ ಪಾತ್ರೆ ಬಳಸಬಾರದು, ಕೈಗೆ ಪ್ಲಾಸ್ಟಿಕ್ ಚೀಲವಾದರೂ ಇರಲಿ. ಇಲ್ಲಿ ಹಾಕಿಲ್ಲ, ಎರಡು ವಾರದ ಬುಟ್ಟಿಗೆ ಬೇಕಾಗಲಿಲ್ಲ.

ಎರಡನೇ ಪ್ರಯತ್ನ: ಅಂಟನ್ನು ಹಾಳೆಗೇ ಬ್ರಷ್ಷಿನಿಂದ ಪೂರ್ತಿ ಹಚ್ಚಿದ್ದು. ಹಾಳೆ ಒದ್ದೆಯಾಗಿ ಹಿಗ್ಗಿತು, ಕೆಂಪು ಬಣ್ಣ ಬಿಟ್ಟು ಹಳದಿಯ ಮೇಲೆ ಇಳಿಯಿತು. ಇನ್ನೊಂದು ಹಾಳೆ ಹೋಯಿತು.

ಮೂರನೆಯದು ನಿಂತಿತು. ಅಂಟನ್ನು ಬಟ್ಟೆಯ ಪಟ್ಟಿಗೆ ಮಾತ್ರ ತೆಳ್ಳಗೆ ಹಚ್ಚಿ, ಒಣ ಹಾಳೆಯನ್ನು ಅದರ ಮೇಲಿಟ್ಟು ನಡುವಿನಿಂದ ತುದಿಗೆ ಬೆರಳು ಸವರಬೇಕು. ಮೊದಲು ಹಳದಿಯ ಬುಟ್ಟಿ ಮುಗಿಸಿ ಒಂದು ರಾತ್ರಿ ಒಣಗಿದ ಮೇಲೆ ಕೆಂಪಿನದು. ಅಲ್ಲಲ್ಲಿ ಸಡಿಲ ಕಂಡರೆ ಚಿಂತೆ ಬೇಡ: ಪೂರ್ತಿ ಒಣಗಿದ ಮೇಲೆ ಸ್ಪ್ರೇ ಬಾಟಲಿಯಿಂದ ಅರ್ಧ ಮೀಟರ್ ದೂರದಿಂದ ಇಬ್ಬನಿಯಷ್ಟು ನೀರು ಸಿಂಪಡಿಸಿದರೆ, ಒಣಗುತ್ತ ಹಾಳೆ ಡೋಲಿನಂತೆ ಬಿಗಿಯುತ್ತದೆ. ಹನಿಗಟ್ಟುವಷ್ಟು ಹೊಡೆದರೆ ಮತ್ತೆ ಬಣ್ಣ ಇಳಿಯುತ್ತದೆ.

ನಡುವಿನ ಕೂಡಿನಲ್ಲಿ ಕೇಬಲ್ ಟೈಗಳ ಗಂಟು ಕಾಣುತ್ತವೆ. ಅದನ್ನು ಮುಚ್ಚಲು ಖಣದ ಪಟ್ಟಿ: 4 ಸೆಂ.ಮೀ. ಅಗಲ, 78 ಸೆಂ.ಮೀ. ಉದ್ದ, ಮೂರು ಚೂರು ಕೂಡಿಸಿದ್ದು. ಖಣದ ಅಂಚು ಎಳೆ ಬಿಡುತ್ತದೆ. ನೈಲಾನ್ ರಿಬ್ಬನ್ನಿನಂತೆ ಮೇಣದಬತ್ತಿಗೆ ಹಿಡಿದರೆ ಕರಗಿ ಕೂಡುವ ಬಟ್ಟೆ ಅಲ್ಲ ಇದು, ಹತ್ತಿ ಮತ್ತು ರೇಷ್ಮೆ ಸುಟ್ಟು ಕರಿಯಾಗುತ್ತವೆ. ಅಂಚಿಗೆ ತೆಳ್ಳಗೆ ಫೆವಿಕಾಲ್ ಸವರಿ, ಒಣಗಿದ ಮೇಲೆ ಕತ್ತರಿಸಬೇಕು. ಬಣ್ಣ ಬಿಡುತ್ತದೋ ಎಂದು ಮೊದಲು ಬಿಳಿ ಬಟ್ಟೆ ಒದ್ದೆ ಮಾಡಿ ಉಜ್ಜಿ ನೋಡಿ. ಒಳಗೆ ದೀಪ ಹತ್ತಿದಾಗ ಹಾಳೆಗಳ ನಡುವೆ ಖಣದ ಪಟ್ಟಿ ಕಪ್ಪಗೆ, ಗಂಭೀರವಾಗಿ ಕೂರುತ್ತದೆ. ಹಗಲು ಮಾತ್ರ ಅದರ ಹೊಳಪು ಕಾಣುತ್ತದೆ. ಈ ಊರ ಬುಟ್ಟಿ ಎಂದು ಗುರುತು ಹಿಡಿಯುವಂತೆ ಮಾಡಿದ್ದು ಆ ಒಂದು ಪಟ್ಟಿ.

ಹಂತ 4. ಅಕ್ಟೋಬರ್ 17: ವೈರಿಂಗ್ ಮತ್ತು ತೂಗು

ಅರ್ಧ ವ್ಯಾಟಿನ ಬಲ್ಬು ಕೆಂಪು ಹಾಳೆಯ ಹಿಂದೆ ಕೆಂಡದಷ್ಟು ಮಾತ್ರ ಕಂಡಿತು, ರಸ್ತೆಯಿಂದ ಏನೂ ಕಾಣಲಿಲ್ಲ. 5 ವ್ಯಾಟಿನ ಎಲ್‌ಇಡಿ, ಹಳದಿ ಬೆಳಕಿನದು, ಸರಿಹೋಯಿತು. ಬಿಳಿ ಬೆಳಕು ಹಾಕಿದರೆ ಹಳದಿ ಹಾಳೆ ಸಪ್ಪೆಯಾಗಿ ಕಾಣುತ್ತದೆ. ಹಳೇ 40, 60 ವ್ಯಾಟಿನ ತಂತಿಯ ಬಲ್ಬು ಮಾತ್ರ ಬೇಡವೇ ಬೇಡ. ಹಾಳೆ, ಬಟ್ಟೆ, ಪ್ಲಾಸ್ಟಿಕ್ ಮೂರೂ ಬೆಂಕಿ ಹಿಡಿಯುವಂಥವು.

ವೈರು 0.75 ಚದರ ಮಿ.ಮೀ., ಎರಡು ಎಳೆಯದು. ಬುಟ್ಟಿಯ ಭಾರ ವೈರಿನ ಮೇಲೆ ಬೀಳಬಾರದು. ಮೊದಲು ವೈರಿಗೇ ತೂಗಿಬಿಟ್ಟು ನೋಡಿದಾಗ ಗಾಳಿಗೆ ತಿರುಗಿ ತಿರುಗಿ ಒಂದೇ ರಾತ್ರಿಯಲ್ಲಿ ಹೋಲ್ಡರಿನ ಸ್ಕ್ರೂ ಸಡಿಲವಾಗಿತ್ತು. ಮೇಲಿನ ಬುಟ್ಟಿಯ ತಳದ ಅಂಚಿಗೆ ಸಮದೂರದಲ್ಲಿ ಮೂರು ತೂತು, ಮೂರು 30 ಸೆಂ.ಮೀ. ಸುತಳಿ, ಮೂರೂ ಒಂದು ಲೋಹದ ಬಳೆಗೆ. ಆ ಬಳೆಯಿಂದ ಎರಡು ಹಗ್ಗ, ಸೂರಿನ ಎರಡು ಕೊಕ್ಕೆಗೆ ಇಂಗ್ಲಿಷಿನ 'ವಿ' ಆಕಾರದಲ್ಲಿ. ಎರಡು ಹಗ್ಗ ಇದ್ದರೆ ಬುಟ್ಟಿ ತೂಗುತ್ತದೆ, ಗಿರಕಿ ಹೊಡೆಯುವುದಿಲ್ಲ. ಕೆಳಗಿನ ಅಂಚಿನ ಒಳಗೆ ನೂರು ಗ್ರಾಂ ಕಲ್ಲಿನ ಪುಟ್ಟ ಗಂಟು ಕಟ್ಟಿದ ಮೇಲೆ ತೂಗುವುದೂ ಕಡಿಮೆಯಾಯಿತು. ವೈರು ಹೋಲ್ಡರಿಗೆ ಇಳಿಯುವ ಮೊದಲು ಒಂದು ಗೇಣು ಕೆಳಗೆ ಜೋತುಬಿದ್ದು ಮತ್ತೆ ಮೇಲೇರಬೇಕು. ಮಳೆನೀರು ಆ ಜೋತುಬಿದ್ದಲ್ಲಿಂದ ಹನಿಯಾಗಿ ಬಿದ್ದುಹೋಗುತ್ತದೆ, ಹೋಲ್ಡರಿಗೆ ಹರಿಯುವುದಿಲ್ಲ.

ಕೊಡೆಯಾಗಿ ಪರಾತ: ನಡುವೆ ತೂತು, ಬಳೆಗಿಂತ ಸ್ವಲ್ಪ ಕೆಳಗೆ ಸುತಳಿಗಳ ಮೇಲೆ ಬೋರಲು. 36 ಸೆಂ.ಮೀ. ಪರಾತ 24 ಸೆಂ.ಮೀ. ಹೊಟ್ಟೆಗೆ ಸುತ್ತಲೂ 6 ಸೆಂ.ಮೀ. ನೆರಳು ಕೊಡುತ್ತದೆ. ನೆಟ್ಟಗೆ ಬೀಳುವ ಮಳೆಗೆ ಇದು ಸಾಕು, ಗಾಳಿಮಳೆಗೆ ಸಾಲದು. ವಿಜಯಪುರ, ಬಾಗಲಕೋಟೆಯ ಕಡೆ ಮಳೆಗಿಂತ ಬಿಸಿಲೇ ಹಾಳೆಗೆ ವೈರಿ. ಅಲ್ಲಿ ಕೊಡೆಗಿಂತ, ಪಶ್ಚಿಮದ ಬಿಸಿಲು ಬೀಳದ ಜಾಗ ಹುಡುಕುವುದು ಮುಖ್ಯ. ಗುಲಾಬಿ ಮತ್ತು ನೇರಳೆ ಹಾಳೆ ಎಲ್ಲಕ್ಕಿಂತ ಮೊದಲು ಬಣ್ಣ ಕಳೆದುಕೊಳ್ಳುತ್ತವೆ.

ಹಂತ 5. ಅಕ್ಟೋಬರ್ 18: ಬಳೆಯ ತೋರಣ

ಬಾಗಿಲು 36 ಇಂಚು, ಅಂದರೆ 91 ಸೆಂ.ಮೀ. ಬಳೆ 2-6 ಅಳತೆಯದು, ಒಳವ್ಯಾಸ 6 ಸೆಂ.ಮೀ., ಉಲ್ಲನ್ ಸುತ್ತಿದ ಮೇಲೆ ಹೊರವ್ಯಾಸ 6.8. ಹನ್ನೊಂದು ಬಳೆ, ನಡುವೆ ಒಂದೂವರೆ ಸೆಂ.ಮೀ. ಬಿಟ್ಟರೆ ಹತ್ತಿರಹತ್ತಿರ 90. ಹನ್ನೆರಡನೆಯದು, ಒಂದು ಮುರಿದರೆ ಇರಲಿ ಎಂದು.

ಒಂದು ಬಳೆಗೆ ಸುಮಾರು ಎರಡೂವರೆ ಮೀಟರ್ ಉಲ್ಲನ್. ದಾರದ ತುದಿಯನ್ನು 3 ಸೆಂ.ಮೀ. ಬಳೆಯ ಮೇಲೆ ಮಲಗಿಸಿ ಅದರ ಮೇಲೆಯೇ ಸುತ್ತುತ್ತ ಬರಬೇಕು. ಕೊನೆಯ ತುದಿಯನ್ನು ದಪ್ಪ ಸೂಜಿಯಿಂದ ಹತ್ತು ಸುತ್ತಿನ ಕೆಳಗೆ ಹಾಯಿಸಿ ಎಳೆದು ಕತ್ತರಿಸಬೇಕು. ನುಣುಪಾದ ಬಳೆಯಲ್ಲಿ ಸುತ್ತು ಜಾರಿ ನಡುವೆ ಬಳೆ ಕಾಣುತ್ತದೆ. ಮೊದಲೇ ಉಪ್ಪುಕಾಗದದಿಂದ ಉಜ್ಜಿದರೆ ಜಾರುವುದಿಲ್ಲ. ಬಳೆಯ ಕೆಳಗೆ ಜೋಡಿಸಿದ್ದು ಮಾವಿನ ಎಲೆಯ ಆಕಾರದಲ್ಲಿ ಕತ್ತರಿಸಿದ ಖಣದ ಚೂರು. ನಿಜವಾದ ಮಾವಿನ ತೋರಣ ಅದರ ಮೇಲೆ ಬೇರೆ, ಹಬ್ಬದ ದಿನ ಬೆಳಗ್ಗೆ ಕಟ್ಟುವುದು. ಅದಕ್ಕೆ ಬದಲಿ ಇಲ್ಲ. ಈ ಉಲ್ಲನ್ ಬೆಂಕಿಗೆ ಕರಗಿ ಉರಿಯುವಂಥದ್ದು, ಹೊಸ್ತಿಲ ಪಣತಿಯ ಜ್ವಾಲೆಗೂ ತೋರಣಕ್ಕೂ ಕನಿಷ್ಠ ಎರಡು ಅಡಿ ಅಂತರ ಇರಲೇಬೇಕು. ಮೇಲಿನ ಚೌಕಟ್ಟಿಗೆ ಕಟ್ಟಿದರೆ ತಂತಾನೇ ಇರುತ್ತದೆ, ಬದಿಗೆ ಇಳಿಬಿಟ್ಟರೆ ಇರುವುದಿಲ್ಲ.

ಹಂತ 6. ಅಕ್ಟೋಬರ್ 18, 19: ಲೈಟಿನ ಸರ ಮತ್ತು ಪಣತಿ

60 ರೂಪಾಯಿಯ ಸರಗಳ ವೈರು ತೆಳು, ಮೇಲಿನ ಪದರವೂ ತೆಳು. ಕಬ್ಬಿಣದ ಗ್ರಿಲ್ಲಿಗೆ ತಂತಿಯಿಂದ ಬಿಗಿದರೆ ಪದರ ಹರಿದು ಗ್ರಿಲ್ಲಿಗೇ ಕರೆಂಟು ಇಳಿಯಬಹುದು. ಹಳೇ ಸೈಕಲ್ ಟ್ಯೂಬನ್ನು ಬಿಲ್ಲೆಗಳಾಗಿ ಕತ್ತರಿಸಿ, ಸೀಳಿ, ಕಟ್ಟುವ ಕಡೆಯೆಲ್ಲ ಗ್ರಿಲ್ಲಿಗೆ ಸುತ್ತಿ, ಅದರ ಮೇಲೆ ಕೇಬಲ್ ಟೈಯನ್ನು ಬೆರಳು ಆಡುವಷ್ಟು ಸಡಿಲವಾಗಿ ಹಾಕಲಾಯಿತು. ಪ್ರತಿ ಒಂದೂವರೆ ಅಡಿಗೆ ಒಂದು.

ಒಂದು ಸರದ ಕಾಲು ಭಾಗ ಹತ್ತಲಿಲ್ಲ. ಪ್ಲಗ್ ಕಿತ್ತು, ಆ ಭಾಗದ ಒಂದೊಂದೇ ಎಲ್‌ಇಡಿ ಅಲುಗಾಡಿಸಿದಾಗ ಒಂದರ ಕಾಲು ತುಂಡಾಗಿರುವುದು ಸಿಕ್ಕಿತು. ಹಳೇ ಕೆಟ್ಟ ಸರದಿಂದ ಒಂದು ಕಿತ್ತು ಅದರ ಜಾಗಕ್ಕೆ ಹಾಕಿದರೆ ಸರಿಯಾಗುತ್ತದೆ. ಹತ್ತದಿದ್ದರೆ ತಿರುಗಿಸಿ ಹಾಕಬೇಕು. ಒಂದನ್ನು ತೆಗೆದು ವೈರು ಕೂಡಿಸಿದರೂ ನಡೆಯುತ್ತದೆ. ಆದರೆ ಉದ್ದ ಹೆಚ್ಚಾಯಿತೆಂದು ಐದಾರು ಕತ್ತರಿಸಿ ಕೂಡಿಸಿದರೆ ಉಳಿದವುಗಳ ಮೇಲೆ ಒತ್ತಡ ಹೆಚ್ಚಿ ಬೇಗ ಸುಡುತ್ತವೆ.

ಇನ್ನೊಂದು ಸರ ಹಾಳಾದದ್ದು ಪೂರ್ತಿ ಅಲಕ್ಷ್ಯದಿಂದ. ಮಿಣುಕು ಬದಲಿಸುವ ಡಬ್ಬಿಯನ್ನು ಗ್ರಿಲ್ಲಿನ ಹೊರಗೆ ಬಿಟ್ಟಿದ್ದರಿಂದ 19ರ ಸಂಜೆಯ ಮಳೆ ಒಳಗೆ ಇಳಿಯಿತು. ಡಬ್ಬಿ ಯಾವಾಗಲೂ ಮನೆಯೊಳಗೆ ಇರಬೇಕು, ಹೊರಗೆ ದೀಪಗಳು ಮಾತ್ರ. ಇಎಲ್‌ಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಇಲ್ಲದ ಮನೆಯಲ್ಲಿ ಇಂಥ ಸರವನ್ನು ಮಳೆ ತಾಗುವಲ್ಲಿ ಹಾಕಲೇಬಾರದು.

ಪಣತಿ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡಬೇಕು. ಖಣಖಣ ಎಂದರೆ ಚೆನ್ನಾಗಿ ಸುಟ್ಟದ್ದು, ಬೊದ್ದು ಸದ್ದಾದರೆ ಎಣ್ಣೆ ಕುಡಿಯುತ್ತದೆ. ಎಂಟು ತಾಸು ನೀರಿನಲ್ಲಿ ನೆನೆಸಿ, ಒಂದು ಪೂರ್ತಿ ದಿನ ನೆರಳಲ್ಲಿ ಒಣಗಿಸಿ, ಆಮೇಲೆ ಹೊರಮೈಗೆ ಮಾತ್ರ ಬಣ್ಣ. ನಾಲ್ಕು ಪಣತಿಗೆ ಒಳಗೂ ಬಣ್ಣ ಹಚ್ಚಿ ನೋಡಿದಾಗ ಬತ್ತಿಯ ಮೂತಿಯಲ್ಲಿ ಬಣ್ಣ ಕರಿಹತ್ತಿ ವಾಸನೆ ಬಂತು. ಮೂತಿಯ ಸುತ್ತ ಒಂದು ಸೆಂ.ಮೀ. ಬರಿ ಮಣ್ಣು ಬಿಡಬೇಕು.

ಹಂತ 7. ನವೆಂಬರ್ 2, ತುಳಸಿ ಲಗ್ನ ಆದ ಮೇಲೆ: ಇಳಿಸಿದಾಗ ಕಂಡದ್ದು

ಬುಟ್ಟಿಯ ಮೈ, ಹನ್ನೆರಡೂ ಕೇಬಲ್ ಟೈ, ಸೀಳಿಗೆ ಹಾಕಿದ ಹೊಲಿಗೆ: ಎಲ್ಲ ಭದ್ರ. ಬಟ್ಟೆಯ ಪಟ್ಟಿ ಒಂದೂ ಸರಿದಿಲ್ಲ. ಗಾಳಿಮಳೆ ಬಡಿದ ಬದಿಯಲ್ಲಿ ಮೂರು ಕೆಂಪು ಫಲಕ ಹರಿದಿದ್ದವು. ಅವನ್ನು ಬಲಿಪಾಡ್ಯದ ಬೆಳಗ್ಗೆಯೇ ಉಳಿದ ಹಾಳೆಯಿಂದ ಬದಲಿಸಲಾಗಿತ್ತು. ರಟ್ಟಿನ ಅಳತೆಯ ಫಲಕ ಎಸೆಯದೆ ಇಟ್ಟಿದ್ದರಿಂದ ಅರ್ಧ ತಾಸಿನ ಕೆಲಸ. ಖಣದ ಪಟ್ಟಿ ತೊಳೆದು ಮಡಚಿಡಲಾಗಿದೆ.

ಹಾಳೆಯನ್ನು ಒದ್ದೆ ಬಟ್ಟೆಯಿಂದ ನೆನೆಸಿ ತೆಗೆದು, ಬುಟ್ಟಿಯನ್ನು ಒಂದು ದಿನ ಬಿಸಿಲಿಗಿಟ್ಟು ಒಣಗಿಸಿ, ಬಲ್ಬು ಕಳಚಿ, ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಬೇಕು. ಹಾಳೆ ಹಾಗೇ ಬಿಟ್ಟರೆ ಮೈದಾದ ವಾಸನೆಗೆ ಜಿರಳೆ ಬಂದು ಧೋತರದ ಪಟ್ಟಿಯನ್ನೂ ತಿನ್ನುತ್ತವೆ. ಲೈಟಿನ ಸರವನ್ನು ರಟ್ಟಿನ ತುಂಡಿಗೆ ಸುತ್ತಿಡಬೇಕು, ಮುದ್ದೆ ಮಾಡಿದರೆ ಎಲ್‌ಇಡಿಯ ಕಾಲು ಮುರಿಯುತ್ತವೆ.

ಇನ್ನೂ ಬಗೆಹರಿಯದ್ದು ಬಾಲ. 75 ಸೆಂ.ಮೀ. ಉದ್ದದ 18 ಹಾಳೆಯ ಪಟ್ಟಿಗಳು ಮೂರನೇ ದಿನಕ್ಕೇ ಒಂದಕ್ಕೊಂದು ಸುತ್ತಿಕೊಂಡು ಜಡೆಯಾದವು, ಬಿಡಿಸಲು ಹೋದರೆ ಹರಿದವು. ತುದಿಗೆ ಮಣಿ ಕಟ್ಟಿ ನೋಡಿದರೆ ಗಾಳಿಗೆ ಮಣಿಯೇ ಬೇರೆ ಬಾಲಗಳಿಗೆ ಸುತ್ತಿಕೊಂಡಿತು. ಮುಂದಿನ ಸಲ 40 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ, ಹನ್ನೆರಡೇ ಬಾಲ ಹಾಕಿ ನೋಡಬೇಕು, ಹಾಳೆಯ ಬದಲು ತೆಳು ಬಟ್ಟೆ.